ಹೊಸ ಮಾನಿಟರಿನಲ್ಲಿ ಬಣ್ಣ ಮಂಕು, ಅಕ್ಷರ ಮಸುಕು. ಸರಿಪಡಿಸೋದು ಹೇಗೆ?

ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಹಾಕಿ ಫುಲ್ ಎಚ್‌ಡಿ ಮಾನಿಟರ್ ಜೋಡಿಸಿದ್ದೀರಿ. ಅದರಲ್ಲಿ ಕಪ್ಪೆಲ್ಲ ಬೂದು ಬಣ್ಣಕ್ಕೆ ತಿರುಗಿದೆ, ಅಕ್ಷರಗಳೂ ಸ್ಪಷ್ಟವಾಗಿಲ್ಲ. ಲ್ಯಾಪ್‌ಟಾಪಿನ ಪರದೆ ಮಾತ್ರ ಚೆನ್ನಾಗಿದೆ, ಅಲ್ವಾ? ಹಾಗಿದ್ದರೆ ಮಾನಿಟರನ್ನು ವಾಪಸ್ ಕಳಿಸಲು ಅವಸರ ಬೇಡ. ನನಗೆ ಅನುಮಾನ ಇರುವುದು ಲ್ಯಾಪ್‌ಟಾಪ್ ಅದಕ್ಕೆ ಕಳಿಸುತ್ತಿರುವ ಸಿಗ್ನಲ್ ಮೇಲೆ.

ಮೊದಲು ಅಕ್ಷರದ ವಿಷಯ. ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ. ಡೂಪ್ಲಿಕೇಟ್ ಅಂತ ಇದ್ದರೆ ಕಾರಣ ಅದೇ ಇರಬಹುದು. ಲ್ಯಾಪ್‌ಟಾಪಿನ ಪರದೆ 1366×768 ಆಗಿದ್ದರೆ, ಅದೇ ಚಿತ್ರವನ್ನು ಮಾನಿಟರ್ 1920×1080 ಚುಕ್ಕಿಗಳಿಗೆ ಹಿಗ್ಗಿಸಬೇಕಾಗುತ್ತದೆ. ಒಂದು ಚುಕ್ಕಿಗೆ 1.4 ಚುಕ್ಕಿಯಷ್ಟು ಜಾಗ. ಅರ್ಧಂಬರ್ಧ ಚುಕ್ಕಿ ಬೆಳಗಿಸಲು ಆಗಲ್ಲ, ಹಾಗಾಗಿ ಅಂಚುಗಳು ಕಲಸಿಹೋಗುತ್ತವೆ. ಎಕ್ಸ್‌ಟೆಂಡ್ ಆರಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಆ ಮಾನಿಟರಿಗೆ 1920×1080 ಕೊಡಿ. ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ ಅಂದರೆ ಕೇಬಲ್ ಬದಲಿಸಿ, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ.

ಇನ್ನು ಬಣ್ಣ. ಇದು ಸ್ವಲ್ಪ ತಮಾಷೆಯ ಕತೆ. ಪರದೆಗೆ ಹೋಗುವ ಹೊಳಪಿನ ಮಟ್ಟ ಒಂದು ಸಂಖ್ಯೆ. ಟಿವಿ ಲೆಕ್ಕದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಕಂಪ್ಯೂಟರ್ ಲೆಕ್ಕದಲ್ಲಿ 0 ಮತ್ತು 255. ಎಚ್‌ಡಿಎಂಐನಲ್ಲಿ ಜೋಡಿಸಿದಾಗ ಕೆಲವೊಮ್ಮೆ ಗ್ರಾಫಿಕ್ಸ್ ಕಾರ್ಡ್ ಮಾನಿಟರನ್ನೇ ಟಿವಿ ಅಂದುಕೊಂಡು ಮೊದಲನೇ ಲೆಕ್ಕದಲ್ಲಿ ಕಳಿಸುತ್ತದೆ. ಮಾನಿಟರಿಗೆ 16 ಅಂದರೆ ಕಪ್ಪಲ್ಲ, ಕಡು ಬೂದು. ನನ್ನದರಲ್ಲೂ ಹೀಗೇ ಆಗಿತ್ತು, ಸಿನಿಮಾದ ರಾತ್ರಿ ದೃಶ್ಯಕ್ಕೆಲ್ಲ ಹೊಗೆ ಕವಿದ ಹಾಗೆ ಕಾಣುತ್ತಿತ್ತು. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಚೇಂಜ್ ರೆಸಲ್ಯೂಷನ್ ಪುಟದಲ್ಲಿ ಕೆಳಗೆ ಔಟ್‌ಪುಟ್ ಡೈನಾಮಿಕ್ ರೇಂಜ್ ಅಂತ ಇದೆ. ಲಿಮಿಟೆಡ್ ಇದ್ದದ್ದನ್ನು ಫುಲ್ ಮಾಡಿ ಅಪ್ಲೈ ಒತ್ತಿದೆ. ಪರದೆ ಒಂದು ಕ್ಷಣ ಆರಿ, ಮತ್ತೆ ಬಂದಾಗ ಕಪ್ಪು ಕಪ್ಪಾಗಿಯೇ ಇತ್ತು! ಇಂಟೆಲ್‌ ಆದರೆ ಕ್ವಾಂಟೈಸೇಷನ್ ರೇಂಜ್ ಹುಡುಕಿ, ಎಎಮ್‌ಡಿ ಆದರೆ ಪಿಕ್ಸೆಲ್ ಫಾರ್ಮ್ಯಾಟ್.

ಬದಲಿಸಿದ ಮೇಲೆ ನೆರಳಿನ ಭಾಗವೆಲ್ಲ ಒಂದೇ ಕಪ್ಪಾಗಿ ಕಂಡರೆ ಮಾನಿಟರಿನ ಮೆನುವಿನಲ್ಲೂ ಇಂಥದ್ದೇ ಆಯ್ಕೆ ಇದೆಯಾ ನೋಡಿ. ಎರಡೂ ಕಡೆ ಒಂದೇ ಇರಬೇಕು.

ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಮಾತ್ರ ಕದಡಿದಂತೆ ಕಂಡರೆ ಕಲರ್ ಫಾರ್ಮ್ಯಾಟ್ 4:2:2 ಅಥವಾ 4:2:0 ಇರಬಹುದು, ಅಂದರೆ ಬಣ್ಣದ ವಿವರವನ್ನು ಕಡಿತ ಮಾಡಿ ಕಳಿಸುವ ಬಗೆ. ಕಡಿತವಿಲ್ಲದ ಆರ್‌ಜಿಬಿ ಆರಿಸಿ. ಎಚ್‌ಡಿಆರ್ (ಬೆಳಕು-ಕತ್ತಲೆಯ ಅಂತರ ಹೆಚ್ಚಿಸಿ ತೋರಿಸುವ ಮೋಡ್) ಆನ್ ಆಗಿದ್ದರೆ ಆಫ್ ಮಾಡಿ. ಅಗ್ಗದ ಪರದೆಗಳಲ್ಲಿ ಅದರಿಂದ ಬಣ್ಣ ಕೆಡುವುದೇ ಜಾಸ್ತಿ.

ಇದೆಲ್ಲ ಆಗುವವರೆಗೆ ಮಾನಿಟರಿನ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಬಟನ್‌ಗಳನ್ನು ಸುಮ್ನೆ ಒತ್ತುತ್ತಾ ಕೂರಬೇಡಿ. ಈಗಾಗಲೇ ಒತ್ತಿದ್ದರೆ ಮೆನುವಿನಲ್ಲಿ ರೀಸೆಟ್ ಮಾಡಿ. ಇಷ್ಟಾದ ಮೇಲೂ ತಲೆ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಬಣ್ಣ ಬದಲಾಗುತ್ತಿದೆ ಅಂದರೆ ಅದು ಬಹುಶಃ ಟಿಎನ್ ಪ್ಯಾನೆಲ್, ನೋಡುವ ಕೋನ ಬದಲಾದರೆ ಬಣ್ಣ ಕೆಡುವ ಬಗೆಯ ಪರದೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಆಗ ಬೇಕಿದ್ದರೆ ವಾಪಸ್ ಮಾಡಿ ಕೋನ ಬದಲಾದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಪ್ಯಾನೆಲ್ ಇರುವುದನ್ನು ತಗೊಳ್ಳಿ.