ಕೋಲಾರದ ಚಿಕ್ಕ ರೈಲು ಕೆಜಿಎಫ್‌ಗೆ ಹೋಗುತ್ತಿತ್ತಾ?

ಕೋಲಾರದ ಚಿಕ್ಕ ರೈಲಿನಲ್ಲೇ ಕೂತು ಚಿನ್ನದ ಗಣಿವರೆಗೂ ಹೋಗಬಹುದಿತ್ತಾ ಅಂತ ಕೇಳಿದ್ದೀರಿ. ಇಲ್ಲ ಸರ್, ಅದು ಬಂಗಾರಪೇಟೆಗೇ ಮುಗಿಯುತ್ತಿತ್ತು. ಅಲ್ಲಿ ಇಳಿದು, ಕೆಜಿಎಫ್ ಗಣಿ ಪಕ್ಕದ ನಿಲ್ದಾಣ ಮಾರಿಕುಪ್ಪಂ ಕಡೆಯ ದೊಡ್ಡ ಗಾಡಿ ಹತ್ತಬೇಕಿತ್ತು. ಆ ದಾರಿ 1894ರದ್ದು. ಗಣಿ 2001ರಲ್ಲಿ ಮುಚ್ಚಿತು, ಮಾರಿಕುಪ್ಪಂ ರೈಲು ಮಾತ್ರ ನಿಲ್ಲಲಿಲ್ಲ.

ಚಿಕ್ಕ ರೈಲು ಕೋಲಾರಕ್ಕೆ ಬಂದಿದ್ದು 1913ರಲ್ಲಿ. ಹಳಿಗಳ ನಡುವೆ ಬರೀ ಎರಡೂವರೆ ಅಡಿ! ಶ್ರೀನಿವಾಸಪುರದಲ್ಲಿ ನಮ್ಮಜ್ಜಿ ಮಾವಿನಹಣ್ಣಿನ ಬುಟ್ಟಿ ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂರುತ್ತಿದ್ದರು. ಎದುರು ಕೂತವರ ಮೊಣಕಾಲು ಬುಟ್ಟಿಗೆ ತಾಗುತ್ತಿತ್ತು, ಅಷ್ಟು ಇಕ್ಕಟ್ಟು. ಇಳಿದ ಮೇಲೂ ಸೀರೆಯಲ್ಲಿ ಹಣ್ಣಿನ ವಾಸನೆ. ಆ ಗಾಡಿ ಅಂದ್ರೆ ನನಗೆ ಇವತ್ತಿಗೂ ಜೀವ.

ಚಿಂತಾಮಣಿ ಕಡೆ ಹಳೇ ಹಳಿ ಹುಡುಕಿಕೊಂಡು ಸುಮ್ನೆ ಅಲೆಯಬೇಡಿ. ಕೋಲಾರ–ಚಿಕ್ಕಬಳ್ಳಾಪುರ ದಾರಿಯಲ್ಲಿ 2013ರಿಂದ ಅಗಲ ಹಳಿಯ (ಬ್ರಾಡ್‌ಗೇಜ್) ರೈಲು ಓಡುತ್ತಿದೆ. ನಂದಿ ಬೆಟ್ಟದ ಹತ್ತಿರದ ನಂದಿ ಹಾಲ್ಟ್‌ಗೆ ಹೋಗಿ, ಚಿಕ್ಕ ರೈಲಿನ ಕಾಲದ ಹಳೇ ನಿಲ್ದಾಣದ ಕಟ್ಟಡ ಅಲ್ಲಿ ಇನ್ನೂ ಇದೆ.