ನಿಮ್ಮ ಕೊರಿಯಾ ಲೇಖನ ಯಾಕೆ ವಾಪಸ್ ಬಂತು

ನಮಸ್ಕಾರ,

ದಕ್ಷಿಣ ಕೊರಿಯಾದ ವ್ಯಾಪಾರ ಒಪ್ಪಂದಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕನ್ನಡದಲ್ಲಿ ಈ ವಿಷಯ ಮುಟ್ಟುವವರೇ ಕಡಿಮೆ. ನೀವು ಕೈಬಿಡಬಾರದು ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು: 1987ರಲ್ಲಿ ಅಧ್ಯಕ್ಷರನ್ನು ನೇರವಾಗಿ ಆರಿಸುವ ಹಕ್ಕು ಸಿಕ್ಕಿತು, ಅಂದಿನಿಂದ ವ್ಯಾಪಾರ ನೀತಿಯನ್ನು ಜನರೇ ತೀರ್ಮಾನಿಸುತ್ತಿದ್ದಾರೆ. ಮೊದಲನೆಯದು ಸರಿ. ಎರಡನೆಯದಕ್ಕೆ ಅಲ್ಲಿನ ಇತಿಹಾಸ ಒಪ್ಪುವುದಿಲ್ಲ.

ಅಕ್ಕಿಯನ್ನೇ ನೋಡಿ. ಅಕ್ಕಿ ಮಾರುಕಟ್ಟೆ ತೆರೆಯಲು ಬಿಡುವುದಿಲ್ಲ, ಅಧ್ಯಕ್ಷ ಪದವಿಯನ್ನೇ ಪಣಕ್ಕಿಡುತ್ತೇನೆ ಎಂದು ಕಿಮ್ ಯಂಗ್-ಸ್ಯಾಮ್ 1992ರ ಅಧ್ಯಕ್ಷ ಚುನಾವಣೆಯಲ್ಲಿ ಮಾತು ಕೊಟ್ಟು ಗೆದ್ದಿದ್ದರು. 1993ರ ಡಿಸೆಂಬರ್‌ನಲ್ಲಿ, ಉರುಗ್ವೆ ಸುತ್ತು ಎಂಬ ಜಾಗತಿಕ ವ್ಯಾಪಾರ ಮಾತುಕತೆ ಮುಗಿಯುವ ಹೊತ್ತಿಗೆ, ಮಾರುಕಟ್ಟೆ ತೆರೆಯಲು ಒಪ್ಪಿ ಅವರೇ ದೇಶದ ಕ್ಷಮೆ ಕೇಳಿದರು. ಮತಕ್ಕಾಗಿ ರೈತರ ಹತ್ತಿರ ಹೋಗಿದ್ದವರು ಒಪ್ಪಂದದ ಹೊತ್ತಿಗೆ ಅವರನ್ನು ಕೇಳಲಿಲ್ಲ. ನೀವು ಇದನ್ನು ಬಿಟ್ಟೇ ಬಿಟ್ಟಿದ್ದೀರಿ.

ಲೇಖನದ ಜೀವ ಇರುವುದು ಚಿಲಿ ದೇಶದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದಲ್ಲಿ. ಅದಕ್ಕೆ ಎರಡೇ ಸಾಲು ಕೊಟ್ಟಿದ್ದೀರಿ! ಸಹಿ ಬಿದ್ದದ್ದು 2003ರ ಫೆಬ್ರವರಿಯಲ್ಲಿ. ಸಂಸತ್ತು ಒಪ್ಪಿದ್ದು 2004ರ ಫೆಬ್ರವರಿಯಲ್ಲಿ. ನಡುವಿನ ಒಂದು ವರ್ಷ ಏನಾಯಿತು? 2004ರ ಏಪ್ರಿಲ್‌ನಲ್ಲಿ ಸಂಸತ್ತಿನ ಚುನಾವಣೆ ಇತ್ತು. ಹಳ್ಳಿ ಕ್ಷೇತ್ರಗಳ ಸಂಸದರು ಮತದಾನವನ್ನು ತಡೆಯುತ್ತಾ ಹೋದರು. ಅಕ್ಕಿ, ಸೇಬು, ಪಿಯರ್ ಹಣ್ಣು ಮೊದಲೇ ಒಪ್ಪಂದದಿಂದ ಹೊರಗಿದ್ದವು. ಆದರೂ ದ್ರಾಕ್ಷಿ ಬೆಳೆಗಾರರ ಭಯ ಹೋಗಲಿಲ್ಲ. ರೈತರ ನೆರವಿಗೆ ಬೇರೆ ಕಾನೂನನ್ನೇ ಮಾಡಬೇಕಾಯಿತು. ಇನ್ನೊಂದು ಕಡೆ ಕಾರು, ಫೋನು ಮಾರುವ ಕಂಪನಿಗಳಿಗೆ ಇದೇ ಒಪ್ಪಂದ ಬೇಕಾಗಿತ್ತು. ನೀವು ಎಲ್ಲಾ ಕಡೆ ‘ಜನರು’ ಅಂತ ಬರೆದು ಇವರೆಲ್ಲರನ್ನೂ ಒಂದೇ ಮಾಡಿದ್ದೀರಿ. ಯಾರು ಗೆದ್ದರು, ಯಾರು ಸೋತರು ಅಂತ ಓದುಗರಿಗೆ ಗೊತ್ತಾಗಬೇಕು ಅಲ್ವಾ?

ಮಾತುಕತೆ ಶುರುವಾಗುವಾಗ ಇವರನ್ನು ಯಾರೂ ಕೇಳುವುದಿಲ್ಲ, ಸಹಿ ಬಿದ್ದ ಮೇಲೆ ತಡೆಯುವ ಬಲ ಮಾತ್ರ ಇರುತ್ತದೆ ಅಂದಾಗ ಜಗಳ ಬೀದಿಗೆ ಬರುತ್ತದೆ. 2008ರಲ್ಲಿ ಅಮೆರಿಕದ ದನದ ಮಾಂಸದ ಆಮದಿಗೆ ಸರ್ಕಾರ ಒಪ್ಪಿದಾಗ ಸೋಲ್‌ನಲ್ಲಿ ವಾರಗಟ್ಟಲೆ ಮೇಣದಬತ್ತಿ ಪ್ರತಿಭಟನೆ ನಡೆಯಿತು. ಅಧ್ಯಕ್ಷ ಲೀ ಮ್ಯುಂಗ್-ಬಾಕ್ ಕ್ಷಮೆ ಕೇಳಿದರು. 2011ರ ನವೆಂಬರ್‌ನಲ್ಲಿ ಅಮೆರಿಕದ ಜೊತೆಗಿನ ವ್ಯಾಪಾರ ಒಪ್ಪಂದ ಸಂಸತ್ತಿನಲ್ಲಿ ಮತಕ್ಕೆ ಬಂದಾಗ ವಿರೋಧ ಪಕ್ಷದ ಸಂಸದರೊಬ್ಬರು ಸಭೆಯೊಳಗೇ ಅಶ್ರುವಾಯು ಸಿಡಿಸಿದರು. ನೀವು ಇದನ್ನು ಬರೀ ಗಲಾಟೆ ಎಂದು ಬರೆದಿದ್ದೀರಿ. ಮಾತುಕತೆಗೆ ಮುಂಚೆಯೇ ಸಂಸತ್ತಿಗೆ ತಿಳಿಸಬೇಕು ಅನ್ನುವ ಕಾನೂನು 2012ರಲ್ಲಿ ಜಾರಿಗೆ ಬಂತು. ಈ ಗಲಾಟೆಗಳನ್ನು ಬಿಟ್ಟು ಆ ಕಾನೂನನ್ನು ವಿವರಿಸಲು ಆಗುವುದಿಲ್ಲ.

ಕೊನೆಗೆ ‘ಭಾರತದಲ್ಲೂ ಹೀಗೇ’ ಎಂಬ ಸಾಲು. ಸುಮ್ನೆ ಸೇರಿಸಿದ ಹಾಗಿದೆ, ತಪ್ಪೂ ಹೌದು. ನಮ್ಮಲ್ಲಿ ಇಂಥ ಒಪ್ಪಂದಕ್ಕೆ ಸಂಸತ್ತಿನ ಮತ ಬೇಕಿಲ್ಲ. 2019ರ ನವೆಂಬರ್‌ನಲ್ಲಿ ಭಾರತ ಆರ್‌ಸಿಇಪಿ ಎಂಬ ಏಷ್ಯಾ-ಪೆಸಿಫಿಕ್ ದೇಶಗಳ ವ್ಯಾಪಾರ ಒಪ್ಪಂದದಿಂದ ಹೊರಗುಳಿಯಿತು. ಅದಕ್ಕೂ ಮುಂಚೆ, ನ್ಯೂಜಿಲೆಂಡ್ ಹಾಲಿನ ಪುಡಿಯ ಭಯದಿಂದ ಕರ್ನಾಟಕದ ರೈತ ಸಂಘಟನೆಗಳೂ ವಿರೋಧಿಸಿದ್ದವು. ಆ ಒತ್ತಡ ದೆಹಲಿ ತಲುಪಿದ ದಾರಿಯೇ ಬೇರೆ. ಅದನ್ನು ಬರೆಯುವುದಾದರೆ ಪ್ರತ್ಯೇಕವಾಗಿ ಬರೆಯಿರಿ.

ಈ ಲೇಖನಕ್ಕೆ ಚಿಲಿಯ ಆ ಒಂದು ವರ್ಷವನ್ನೇ ನಡುವೆ ಇಡಿ. 1987ಕ್ಕೆ ಒಂದು ಪ್ಯಾರಾ ಸಾಕು. ಮತ್ತೆ ಕಳಿಸಿ, ನಾನೇ ಓದುತ್ತೇನೆ.

ಇಂತಿ,
ಸಂಪಾದಕ