ಸ್ಕ್ಯಾನರ್ ಯಾರ ಹೆಸರಿನಲ್ಲಿದೆ?

ಪ್ರಶ್ನೆ: ಕಲಬುರಗಿಯಲ್ಲಿ ಆರು ವರ್ಷದಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದೇನೆ. ರೊಟ್ಟಿ ಮಷೀನಿಗೆ 4 ಲಕ್ಷ ಸಾಲ ಕೇಳಿದರೆ ಬ್ಯಾಂಕಿನವರು ಗಂಡನ ಸಹಿ, ಮನೆ ಪತ್ರ ತನ್ನಿ ಎಂದರು. ಮನೆ ಮಾವನವರ ಹೆಸರಿನಲ್ಲಿದೆ. ಏನು ಮಾಡಲಿ? (ಅಂಗಡಿ ಫೋಟೊ ಕಳಿಸಿದ್ದೇನೆ.)

ಉತ್ತರ: ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಸಣ್ಣ ಉದ್ಯಮದ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. 2015ರಲ್ಲಿ ಬಂದ ಕೇಂದ್ರದ ಮುದ್ರಾ ಸಾಲ ಯೋಜನೆಯಲ್ಲೂ ಅಡಮಾನ ಇಲ್ಲ. ನಿಮ್ಮ 4 ಲಕ್ಷ ಅದರ 'ಕಿಶೋರ್' ವಿಭಾಗಕ್ಕೆ ಬರುತ್ತದೆ. ಮ್ಯಾನೇಜರಿಗೆ ಇದು ಗೊತ್ತಿರುತ್ತದೆ. ಬಾಯಿಮಾತಿನಲ್ಲಿ "ಆಗಲ್ಲಮ್ಮ" ಎಂದರೆ ಎದ್ದು ಬರಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಸಾಲ ಕೊಡದಿದ್ದರೆ ಕಾರಣ ಬರೆದುಕೊಡಿ ಅನ್ನಿ.

ಆದರೆ ಬ್ಯಾಂಕಿನವರನ್ನಷ್ಟೇ ಬೈದರೆ ಆಗಲ್ಲ. ಫೋಟೊದಲ್ಲಿ ಚಟ್ನಿ ಡಬ್ಬದ ಪಕ್ಕ ಅಂಟಿಸಿರುವ ಸ್ಕ್ಯಾನರ್ ಕೆಳಗೆ ನಿಮ್ಮ ಯಜಮಾನರ ಹೆಸರಿದೆ. ಅಂದರೆ ಇಷ್ಟು ವರ್ಷ ರೊಟ್ಟಿ ಬಡಿದದ್ದು ನೀವು, ದುಡ್ಡು ಹೋಗಿದ್ದು ಅವರ ಖಾತೆಗೆ. ಬ್ಯಾಂಕಿನ ಲೆಕ್ಕದಲ್ಲಿ ನಿಮಗೆ ವ್ಯಾಪಾರವೇ ಇಲ್ಲ! ಯಜಮಾನರು ಒಳ್ಳೆಯವರೇ ಇರಬಹುದು, ಆ ಮಾತು ಬೇರೆ.

ಮೊದಲು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ 'ಉದ್ಯಮ್' ನೋಂದಣಿ ಮಾಡಿಸಿ. 2020ರಲ್ಲಿ ಶುರುವಾದ ಇದು ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ಪೂರ್ತಿ ಉಚಿತ. "ನಾನು ಮಾಡಿಸಿಕೊಡ್ತೀನಿ" ಎಂದು ಸಾವಿರಗಟ್ಟಲೆ ಕೇಳುವ ಏಜೆಂಟನನ್ನು ಹೊಸ್ತಿಲಾಚೆಯೇ ನಿಲ್ಲಿಸಿ. ಆಮೇಲೆ ಅಂಗಡಿ ಹೆಸರಿನಲ್ಲಿ ನಿಮ್ಮದೇ ಚಾಲ್ತಿ ಖಾತೆ, ನಿಮ್ಮದೇ ಸ್ಕ್ಯಾನರ್. ಹಳೆಯದನ್ನು ಕಿತ್ತುಹಾಕಿ. ಖಾನಾವಳಿಗೆ ಕೊಡುವ ರೊಟ್ಟಿಗೂ ಬಿಲ್ ಬರೆಯಿರಿ. ಆರು ತಿಂಗಳು ಆ ಖಾತೆಯಲ್ಲಿ ದುಡ್ಡು ಓಡಾಡಲಿ, ನಂತರ ಸ್ಟೇಟ್‌ಮೆಂಟು, ಮಷೀನಿನ ಕೊಟೇಶನ್ ಹಿಡಿದು ಹೋಗಿ. ತಡ ಆಯ್ತು ಅಂತ ಮೀಟರ್ ಬಡ್ಡಿಗೆ ಕೈ ಹಾಕಬೇಡಿ. ಎರಡು ಮೂರು ಕಡೆ ಗುಂಪು ಸಾಲ ಎತ್ತಿ ಒಂದರ ಕಂತನ್ನು ಇನ್ನೊಂದರಲ್ಲಿ ಕಟ್ಟುವುದೂ ಬೇಡ. ಸಾಲದ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲು, ಇರಲಿ.

ಪ್ರಶ್ನೆ: ಹೆಂಡತಿ ಹೆಸರಿನಲ್ಲಿ ಮಹಿಳೆಯರಿಗಾಗಿ ಇರುವ ರಾಜ್ಯದ 'ಉದ್ಯೋಗಿನಿ' ಸಾಲ ತೆಗೆದು ನಾನು ಮೊಬೈಲ್ ಅಂಗಡಿ ಹಾಕಬಹುದಾ? ಸಬ್ಸಿಡಿ ಸಿಗುತ್ತೆ ಅಲ್ವಾ?

ಉತ್ತರ: ಬೇಡ. ಅಂಗಡಿ ನಿಮ್ಮದು, ಕಂತು ತಪ್ಪಿದರೆ ಸಿಬಿಲ್ (ಸಾಲ ಕಟ್ಟಿದ ದಾಖಲೆಯ ಅಂಕ) ಕೆಡುವುದು ಹೆಂಡತಿಯದ್ದು.

ಪ್ರಶ್ನೆ: ಮಹಿಳೆಯರಿಗೆ ಬಡ್ಡಿಯಿಲ್ಲದ 5 ಲಕ್ಷ ಮಂಜೂರಾಗಿದೆ, 2,500 ಫೀ ಕಟ್ಟಿ ಅಂತ ವಾಟ್ಸಾಪ್ ಬಂದಿದೆ. ನಿಜವಾ?

ಉತ್ತರ: ಅರ್ಜಿಯನ್ನೇ ಹಾಕದೆ ಮಂಜೂರು ಹೇಗಾಯ್ತು? ನಂಬರ್ ಬ್ಲಾಕ್ ಮಾಡಿ. ಕಟ್ಟಿಬಿಟ್ಟಿದ್ದರೆ ಇದನ್ನು ಓದುತ್ತಾ ಕೂರದೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.